ಅರವತ್ತಾರನೆಯ ಇಸವಿಯ ಬಾಟಲಿ

ಪಡುಮನೆ, ಬೋಳಾರ
ಮಂಗಳೂರು
9-11-1986, ಆದಿತ್ಯವಾರ

ತಂಗಿ ಸ್ನೇಹಲತಾಳಿಗೆ,

ಇದನ್ನು ಬರೆಯುತ್ತಿರುವವಳು ಬೋಳಾರ ಪಡುಮನೆಯ ಹಿರಿಯವಳು, ಗುಲಾಬಿ ಶೆಡ್ತಿ. ನಾನು ನಿನ್ನ ಅಕ್ಕ ಎಂಬುದನ್ನು ನೀನು ಮರೆತಿರಲಾರೆ. ಆದರೂ ಮೊದಲ ಸಾಲಿನಲ್ಲೇ ಹೇಳಬೇಕಾಯಿತು, ಏಕೆಂದರೆ ಆರು ವರ್ಷಗಳಿಂದ ನಿನಗೆ ಒಂದು ಕಾರ್ಡು ಕೂಡ ಹಾಕದವಳು ನಾನು. ನಮ್ಮದು ಅಳಿಯಕಟ್ಟಿನ ಮನೆ. ಮನೆತನ ಹೆಂಗಸಿನಿಂದ ನಡೆಯುತ್ತದೆ. ಮಾತೂ ಹೆಂಗಸಿನದೇ ನಡೆಯಬೇಕೆಂದು ನಾನು ನಡೆಸಿದೆ. ಗದ್ದೆಗಳೆಲ್ಲ ಒಕ್ಕಲಿನವರಿಗೆ ಹೋದ ವರ್ಷ ಗಂಡಸರು ಚಾವಡಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಹೋಟೆಲು ತೆರೆಸಿದವಳೂ ನಾನೇ. ಈ ಮನೆಯಲ್ಲಿ ಯಾರಿಗೆ ಎಲೆ ಹಾಕಬೇಕು, ಯಾರಿಗೆ ಹಾಕಬಾರದು ಎಂದು ಹೇಳುವವಳೂ ನಾನೇ. ಈ ಕಾಗದ ಆ ವಿಷಯಕ್ಕೇ.

ಬೋಳಾರದಿಂದ ದೇರೆಬೈಲಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಅಷ್ಟು ದೂರಕ್ಕೆ ಅಂಚೆಯೇ ಎಂದು ನಿನಗೆ ನಗು ಬರಬಹುದು. ನಾನೇ ಬಂದರೆ ನೀನು ಮಧ್ಯದಲ್ಲಿ ಬಾಯಿ ಹಾಕುತ್ತಿ, ನಾನು ಸಿಟ್ಟಾಗುತ್ತೇನೆ, ಹೇಳಬೇಕಾದ್ದು ಹೇಳದೆ ಹೋಗುತ್ತದೆ. ತಡವಾದದ್ದಕ್ಕೆ ಕ್ಷಮೆ ಇರಲಿ. ಈ ಮಾತನ್ನು ನಾನು ಹೆಚ್ಚು ಬರೆದವಳಲ್ಲ, ಆದ್ದರಿಂದ ಒಮ್ಮೆಗೇ ಒಪ್ಪಿಸಿಕೋ.

ನೀನು ಕೊನೆಯ ಸಲ ಇಲ್ಲಿಗೆ ಬಂದದ್ದು ನಿನ್ನ ಅಣ್ಣ ಜಯಪಾಲ ತೀರಿಕೊಂಡ ವರ್ಷದ ಪರ್ಬಕ್ಕೆ. ದೀಪಾವಳಿಯ ಅಮಾವಾಸ್ಯೆ ಸಂಜೆ ತೀರಿಕೊಂಡ ಹಿರಿಯರಿಗೆಲ್ಲ ಸಾಲಾಗಿ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ನಾವು ಹೊರಗೆ ನಿಂತೆವು. ಎಲೆಗಳನ್ನು ಎಣಿಸಿದವಳು ನೀನು. "ಜಯಣ್ಣನ ಎಲೆ ಎಲ್ಲಿ ಉಂಟು?" ಎಂದು ಕೇಳಿದೆ. ನನ್ನ ಮಗಳು ಶಶಿಪ್ರಭಾಳ ನಿಶ್ಚಿತಾರ್ಥದ ದಿನ ಕುಡಿದು ಬಂದು, ಊಟದ ಮಧ್ಯೆ ಎದ್ದು ಹೋದವನು ಅವನು, ಅನ್ನಕ್ಕೆ ಬೆನ್ನು ಹಾಕಿದವನಿಗೆ ಈ ಮನೆಯಲ್ಲಿ ಎಲೆ ಇಲ್ಲ ಎಂದೆ. "ಹಾಗಾದ್ರೆ ಅವನಿಗೆ ಹಾಕುವ ತನಕ ನನಗೂ ಬೇಡ" ಎಂದು ನೀನು ಮೆಟ್ಟಿಲಿಳಿದೆ. ಅಂದಿನಿಂದ ಪ್ರತಿ ಪರ್ಬಕ್ಕೂ ಎರಡು ಎಲೆ ಕಡಿಮೆ. ಒಂದು ಸತ್ತವನದು, ಒಂದು ಬದುಕಿದ್ದವಳದು.

ಈಗ ಹಡಗಿನ ವಿಷಯ. ನನಗೆ ಅರವತ್ತು ತುಂಬಿತೆಂದು ಸಿಂಗಾಪುರದಲ್ಲಿರುವ ಶಶಿಪ್ರಭಾ ಮತ್ತು ಅಳಿಯ ಸುಂದರ ನನ್ನನ್ನು ಕರೆಸಿ, ಪೆನಾಂಗಿಗೆ ಹೋಗಿಬರುವ ಮೋಜಿನ ಹಡಗಿಗೆ ಹತ್ತಿಸಿದರು. ಐದು ದಿನ. ಒಲ್ಲೆ ಎನ್ನುತ್ತೇನೆಂದು ಇಬ್ಬರೂ ಮಾತು ಕಟ್ಟಿಕೊಂಡು ಬಂದಿದ್ದರಂತೆ. ನಾನು ಒಂದೇ ಸಲಕ್ಕೆ ಹೂಂ ಅಂದದ್ದು ನೋಡಿ ಅಳಿಯನಿಗೆ ಗಾಬರಿಯಾಯಿತು. ನಾನು ಹೋದದ್ದು ಮೋಜಿಗಲ್ಲ. ಜಯಪಾಲ ಅಂಥ ಹಡಗುಗಳಲ್ಲಿ ಇಪ್ಪತ್ತೈದು ವರ್ಷ ವೈನ್ ಬಡಿಸಿದ. ಪಡುಮನೆಯ ಯಜಮಾನಿಕೆಗಿಂತ ಅದು ಅವನಿಗೆ ಹೆಚ್ಚಾಗಲು ಅದರಲ್ಲಿ ಎಂತ ಉಂಟು? ಅದನ್ನು ನನ್ನ ಕಣ್ಣಿನಿಂದ ನೋಡಬೇಕಿತ್ತು.

ಹಡಗೆಂದರೆ ನಾವು ಹಳೇ ಬಂದರಿನಲ್ಲಿ ನೋಡಿದ ಹಾಯಿ ಕಟ್ಟಿದ ಮಂಜಿಗಳಂತೆ ಅಲ್ಲ. ನೆಲಕ್ಕೆ ಕಂಬಳಿ, ಗೋಡೆಗೆ ಕನ್ನಡಿ. ನೀರಿನ ಮೇಲಿದ್ದೇವೆ ಎಂದು ಗೊತ್ತಾಗುವುದು ಲೋಟದ ನೀರು ಓರೆಯಾದಾಗ ಮಾತ್ರ. ಮೊದಲ ದಿನ ಊಟದ ಹಾಲಿನಲ್ಲಿ ಒಬ್ಬ ಬಂದು ನಮ್ಮ ಮೇಜಿನ ಹತ್ತಿರ ನಿಂತ. ಕಪ್ಪು ಕೋಟು, ಕೊರಳಲ್ಲಿ ಬೆಳ್ಳಿ ಸರಪಳಿ, ಅದರ ತುದಿಗೆ ಎದೆಯ ಮೇಲೆ ಒಂದು ಸಣ್ಣ ಬೆಳ್ಳಿ ಬಟ್ಟಲು. ಹಡಗಿನ ಕಪ್ತಾನನಿರಬೇಕೆಂದು ನಾನು ಎದ್ದು ಕೈಮುಗಿದೆ. ಶಶಿಪ್ರಭಾ ನನ್ನ ಸೆರಗು ಜಗ್ಗಿದಳು. "ಅಮ್ಮಾ, ಕೂತ್ಕೊಳ್ಳಿ. ಅವರು ವೈನ್ ಕೊಡುವವರು."

ವೈನ್ ಕೊಡುವವನು! ನಮ್ಮ ದೇವಸ್ಥಾನದ ಮೊಕ್ತೇಸರರಿಗೆ ಅಷ್ಟು ಗತ್ತಿಲ್ಲ. ಪಕ್ಕದ ಮೇಜಿನ ಬಿಳಿಯ ದೊರೆಯೊಬ್ಬ ಎಂತ ಕುಡಿಯಬೇಕೆಂದು ಅವನನ್ನೇ ಕೇಳಿ, ಅವನು ಹೇಳಿದ್ದಕ್ಕೆ ತಲೆ ಅಲ್ಲಾಡಿಸುತ್ತಿದ್ದ. ಅವನು ಬಾಟಲಿಯನ್ನು ಬಿಳಿ ಬಟ್ಟೆಯಲ್ಲಿ ಹಿಡಿದು ಬಗ್ಗಿಸಿದ. ಗ್ಲಾಸು ಅರ್ಧ ತುಂಬುವುದರೊಳಗೆ ಮಣಿಕಟ್ಟನ್ನು ಒಂದಿಷ್ಟು ತಿರುಗಿಸಿ ಮೇಲೆತ್ತಿದ. ಒಂದು ಹನಿ ಬೀಳಲಿಲ್ಲ. ಆ ತಿರುವು ನಾನು ಹಿಂದೆ ಒಮ್ಮೆ ನೋಡಿದ್ದೆ, ನಮ್ಮ ಚಾವಡಿಯಲ್ಲಿ.

ಶಶಿಪ್ರಭಾಳೂ ನಾನೂ ತುಳುವಿನಲ್ಲಿ ಮಾತಾಡಿದ್ದು ಅವನ ಕಿವಿಗೆ ಬಿದ್ದಿತ್ತು. ಮರುದಿನ ಬೆಳಿಗ್ಗೆ ಅವನೇ ಬಂದು, "ಅಮ್ಮ ಮಂಗಳೂರಿನವರಾ? ನಾನು ಇಸಿದೋರ್, ಬಿಕರ್ನಕಟ್ಟೆ" ಎಂದ. ಇಗರ್ಜಿಗೆ ಹೋಗುವ ಕೊಂಕಣಿ ಕ್ರಿಶ್ಚಿಯನನಾದರೂ ತುಳು ನಮ್ಮಂತೆಯೇ ಆಡುತ್ತಾನೆ. ನನಗೆ ಬಾಟಲಿಗಳನ್ನು ನೋಡಬೇಕೆಂದೆ. ಕೆಳಗಿನ ಅಂತಸ್ತಿನ ತಣ್ಣಗಿನ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಬಾಟಲಿಗಳೆಲ್ಲ ಅಡ್ಡಕ್ಕೆ ಮಲಗಿದ್ದವು.

"ಇವುಗಳನ್ನು ಮಲಗಿಸಿದ್ದೆಂತಕ್ಕೆ?"

"ಬಿರಡೆ ಒಣಗಬಾರದಲ್ಲ, ಅಮ್ಮ. ಒಣಗಿದ್ರೆ ಒಳಗೆ ಗಾಳಿ ಹೋಗ್ತದೆ, ಗಾಳಿ ಹೋದ್ರೆ ಹಾಳು."

"ಇದರ ಮೇಲೆ ಇಸವಿ ಬರೆದದ್ದು?"

"ದ್ರಾಕ್ಷೆ ಕೊಯ್ದ ವರ್ಷ. ಇದು ಇಪ್ಪತ್ತು ವರ್ಷದ್ದು."

"ಇಪ್ಪತ್ತು ವರ್ಷ! ನಮ್ಮಲ್ಲಿ ಬೆಳಿಗ್ಗೆ ಇಳಿಸಿದ ಕಳ್ಳು ಮರುದಿನಕ್ಕೆ ಹುಳಿ. ಇದು ಹುಳಿಯಾಗುವುದಿಲ್ಲವೋ?"

ಅವನು ನಕ್ಕ. "ಕೆಲವು ಆಗ್ತವೆ. ಕೆಲವು ವರ್ಷ ಹೋದ ಹಾಗೆ ಒಳ್ಳೆಯದಾಗ್ತವೆ. ತೆರೆಯುವ ತನಕ ಯಾರಿಗೂ ಗೊತ್ತಾಗೂದಿಲ್ಲ, ಅಮ್ಮ. ನಮಗೂ ಇಲ್ಲ."

ಆಗ ಕೇಳಿದೆ. "ಜಯಪಾಲ ಶೆಟ್ಟಿ ಅಂತ ಒಬ್ಬ ಇದ್ದ. ಗೊತ್ತುಂಟಾ?"

ಇಸಿದೋರ್ ಕೈಯಲ್ಲಿದ್ದ ಬಾಟಲಿಯನ್ನು ಮೊದಲು ಜಾಗದಲ್ಲಿಟ್ಟ. "ಈ ಕೆಲಸ ನನಗೆ ಕಲಿಸಿದ್ದೇ ಅವರು. ನೀವು ಅವರ ಯಾರು?"

"ಅಕ್ಕ."

ಅವನು ಒಂದು ಖಾಲಿ ಪೆಟ್ಟಿಗೆ ಎಳೆದು ನನ್ನನ್ನು ಕೂರಿಸಿದ. ಮತ್ತೆ ಎಷ್ಟು ಕೇಳಿದೆನೋ ಅಷ್ಟೂ ಹೇಳಿದ. ಜಯಪಾಲ ವೈನನ್ನು ಬಾಯಿಗೆ ಹಾಕಿ, ನಾಲಿಗೆಯಲ್ಲಿ ಹೊರಳಿಸಿ, ಉಗಿಯುತ್ತಿದ್ದನಂತೆ. ಕುಡಿಯುತ್ತಿರಲಿಲ್ಲವಂತೆ. "ವರ್ಷಕ್ಕೆ ಒಂದೇ ಗ್ಲಾಸು ಅಮ್ಮ, ದೀಪಾವಳಿ ದಿನ. ಅದೂ ಫ್ರಾನ್ಸಿನ ಬೋರ್ಡೋ ಊರಿನ ಕೆಂಪು ವೈನೇ ಆಗಬೇಕು." ಕೈಕೆಳಗಿನವರು ಗ್ಲಾಸು ಒಡೆದರೂ ಬೈದವನಲ್ಲವಂತೆ. ಒಂದಕ್ಕೆ ಮಾತ್ರ ಬೆಂಕಿಯಾಗುತ್ತಿದ್ದನಂತೆ. "ಊಟ ಮಾಡುವವರು ಮುಗಿಯಿತು ಅನ್ನುವ ತನಕ ಅವರ ಎದುರಿನ ಪ್ಲೇಟಿಗೆ ಕೈಹಾಕಬಾರ್ದು, ಕಪ್ತಾನ ಹೇಳಿದ್ರೂ ಹಾಕಬಾರ್ದು ಅಂತಿದ್ರು. ಒಮ್ಮೆ ನಾನು ಹಾಕಿದ್ದೆ ಮಾರಾಯ್ರೆ, ಎರಡು ದಿನ ನನ್ನತ್ರ ಮಾತಾಡ್ಲಿಲ್ಲ."

ನಾನು ಎದ್ದುನಿಂತೆ. ಕೋಣೆ ತಣ್ಣಗಿದೆ, ಮೇಲೆ ಹೋಗುವ ಎಂದೆ.

ಸಂಜೆ ಊಟಕ್ಕೆ ಕೂತಾಗ, ಮಲಗಿದ್ದ ಬಾಟಲಿಗಳಲ್ಲಿ ಒಂದು ನನಗೆ ಬೇಕೆಂದೆ. ಸುಂದರ ನೀರು ಕುಡಿಯುತ್ತಿದ್ದವನು ಕೆಮ್ಮಿದ. "ಅತ್ತೆಯವರೇ, ನಿಮಗಾ?" ನನಗೆ ಬೇಕೆಂದರೆ ನನಗೆ ಬೇಕು, ಕುಡಿಯುವವರು ಯಾರೆಂದು ಕೇಳಬೇಡ ಎಂದೆ. ಇಸಿದೋರ್ ಅರವತ್ತೊಂದರದು, ಅರವತ್ತಾರರದು ಎಂದು ಎರಡು ತಂದು, ಎರಡೂ ಒಳ್ಳೆಯ ಇಸವಿ ಎಂದ. ನಾನು ಅರವತ್ತಾರಕ್ಕೆ ಕೈತೋರಿಸಿದೆ. ಅದು ಶಶಿಪ್ರಭಾಳ ನಿಶ್ಚಿತಾರ್ಥದ ವರ್ಷ. ಅಂದು ನಮ್ಮ ಮನೆಯಲ್ಲಿ ಎಂತ ಆಯಿತೆಂದು ನಿನಗೆ ಗೊತ್ತು. ಗೊತ್ತು ಎಂದು ನೀನು ತಿಳಿದಿದ್ದಿ.

ಅವನು ಬಿರಡೆ ತೆಗೆದು ನನ್ನ ಗ್ಲಾಸಿಗೆ ಒಂದೇ ಗುಟುಕು ಸುರಿದು, ಕೈಕಟ್ಟಿ ನಿಂತ. ನನಗೆ ಮೈ ಉರಿಯಿತು. ಒಂದು ಗುಟುಕು ಕೊಡುವುದಕ್ಕೆ ನಾನೇನು ಬೇಡಲು ಬಂದವಳೇ?

"ರುಚಿ ನೋಡಿ ಅಮ್ಮ. ನೀವು ಸರಿ ಅಂದ್ರೆ ಉಳಿದವರಿಗೆ ಹಾಕ್ತೇನೆ."

"ನಾನು ರುಚಿ ನೋಡಿದ ಮೇಲೆ ಅದು ಎಂಜಲಲ್ಲವೋ?"

"ಇಲ್ಲಿ ಹಾಗಿಲ್ಲ. ಮೇಜಿನಲ್ಲಿ ದೊಡ್ಡವರು ಯಾರೋ, ಅವರೇ ಮೊದಲು ನೋಡಬೇಕು. ಅದು ಮರ್ಯಾದೆ."

ನೋಡು, ಒಂದು ಊರಿನ ಎಂಜಲು ಇನ್ನೊಂದು ಊರಿನ ಮರ್ಯಾದೆ. ನನಗೆ ಇದು ಬಹಳ ಸೋಜಿಗವಾಯಿತು. ಆದರೆ ನಾನು ಕೊಳ್ಳುತ್ತಿದ್ದದ್ದು ಸತ್ತವನ ಎಲೆಗೆ. ಅವನಿಗಿಂತ ಮೊದಲು ಯಾರ ನಾಲಿಗೆಯೂ ಅದಕ್ಕೆ ತಾಗಬಾರದು. ತೆರೆದದ್ದನ್ನು ಮಗಳು, ಅಳಿಯ ಕುಡಿಯಲಿ, ನನಗೆ ಅದೇ ಇಸವಿಯ ತೆರೆಯದ ಬಾಟಲಿ ಇನ್ನೊಂದು ಬೇಕೆಂದೆ. "ರುಚಿ ನೋಡದೆ ತಗೊಳ್ತೀರಾ? ಒಂದು ಒಳ್ಳೆಯದಿದ್ರೆ ಇನ್ನೊಂದೂ ಇರ್ತದೆ ಅಂತ ಹೇಳ್ಲಿಕ್ಕಾಗೂದಿಲ್ಲ" ಎಂದ ಇಸಿದೋರ್. ಮನುಷ್ಯರನ್ನೂ ಹಾಗೇ ತಗೊಂಡದ್ದಲ್ಲವೋ ಎಂದೆ. ಕೈಬಳೆ ಮಾರಿದರೂ ಸರಿ ಎನ್ನುವಷ್ಟು ಕ್ರಯದ್ದಂತೆ ಅದು. ಸುಂದರ ಚೀಟಿಗೆ ಸಹಿ ಹಾಕುವಾಗ ನನ್ನ ಕಡೆಗೆ ನೋಡಲಿಲ್ಲ.

ಮದ್ರಾಸಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ನನ್ನ ಪೆಟ್ಟಿಗೆ ಬಿಚ್ಚಿದ. ಎರಡು ರೇಷ್ಮೆ ಸೀರೆಗಳ ಮಧ್ಯೆ ಬಾಟಲಿ. ಅದನ್ನು ನೋಡಿದ, ನನ್ನ ಕುಂಕುಮ ನೋಡಿದ, ಯಾರಿಗೆಂದು ಇಂಗ್ಲಿಷಿನಲ್ಲಿ ಕೇಳಿದ. ತಮ್ಮನಿಗೆ ಎಂದೆ. ತಮ್ಮ ಎಲ್ಲಿದ್ದಾರೆ ಎಂದ. ಪರ್ಬಕ್ಕೆ ಮನೆಗೆ ಬರುತ್ತಾನೆ ಎಂದೆ. ನನ್ನ ಹೈಸ್ಕೂಲಿನ ಇಂಗ್ಲಿಷು ಅಷ್ಟಕ್ಕೆ ಸಾಕಾಯಿತು. ಹೋಗಿ ಅಮ್ಮಾ ಎಂದು ಪೆಟ್ಟಿಗೆಯನ್ನು ಅವನೇ ಮುಚ್ಚಿಕೊಟ್ಟ.

ಕಳೆದ ಆದಿತ್ಯವಾರ ಅಮಾವಾಸ್ಯೆ. ಬಾಟಲಿಯ ಬಿರಡೆ ತೆಗೆಯುವುದು ನಮ್ಮಲ್ಲಿ ಯಾರಿಗೂ ಬಾರದು. ನೆರೆಯ ವಿಲ್ಲಿ ಪೊರ್ಬುಗಳು ಕ್ರಿಸ್ಮಸ್ಸಿಗೆ ಮನೆಯಲ್ಲೇ ದ್ರಾಕ್ಷೆಯ ವೈನ್ ಹಾಕುವವರು, ಅವರನ್ನು ಕರೆಸಿದೆ. ತಿರುಪು ತಂದು ಎಳೆದರು. ಅರ್ಧ ಬಿರಡೆ ಮೇಲೆ ಬಂತು, ಅರ್ಧ ಒಳಗೇ ಉಳಿಯಿತು.

"ಗುಲಾಬಿಯಕ್ಕ, ಹಳತಾಗಿದೆ. ಹುಳಿಯೋ ಎಂತೋ. ಒಂದು ತೊಟ್ಟು ಬಾಯಿಗೆ ಹಾಕಿ ನೋಡ್ಲಾ?"

"ಮುಟ್ಟಿದರೆ ಜಾಗ್ರತೆ."

"ಅಯ್ಯೋ ಮಾರಾಯ್ರೆ, ಹುಳಿಯಾಗಿದ್ರೆ ಮೇಲಿನವರು ನಿಮಗೇ ಬೈಯೂದು!"

"ಬೈಯಲಿ. ಬೈಯಲಿಕ್ಕಾದರೂ ಬರಲಿ."

ಪೊರ್ಬುಗಳು ಹಿತ್ತಾಳೆಯ ಕಡ್ಡಿಯಿಂದ ಉಳಿದ ಬಿರಡೆಯನ್ನು ಮೆಲ್ಲ ಎತ್ತಿಕೊಟ್ಟು ಹೋದರು. ಅಡಿಗೆಯ ಸಂಕಪ್ಪ ಈಗ ಮುದುಕ, ಬೆನ್ನು ಬಗ್ಗಿದೆ. ಅವನು ಎಂದಿನಂತೆ ಒಂಬತ್ತು ಎಲೆ ಹಾಸಿದ. ಹತ್ತನೆಯದನ್ನು ನಾನು ಹಾಕಿದೆ. ಸಂಕಪ್ಪ ನೋಡಿದ, ಹೆಗಲ ಮೇಲಿನ ಕೈ ಒರಸುವ ಬೈರಾಸನ್ನು ಬಾಯಿಗೆ ಒತ್ತಿಕೊಂಡ. ಕೋಳಿ ಸಾರು, ರೊಟ್ಟಿ, ಜಯಪಾಲನಿಗೆ ಇಷ್ಟವಾದ ಕಾಣೆ ಮೀನಿನ ಹುರಿದ ತುಂಡು, ಎಲ್ಲ ನಾನೇ ಬಡಿಸಿದೆ. ಉದ್ದ ಕಾಲಿನ ಗ್ಲಾಸಿಗೆ ವೈನ್ ಹಾಕಿ, ಇಸಿದೋರ್ ಮಾಡಿದ ಹಾಗೆ ಕೈ ತಿರುಗಿಸಲು ನೋಡಿದೆ. ನನಗೆ ಬರಲಿಲ್ಲ. ಎಲೆಯ ಮೇಲೆ ಮೂರು ಹನಿ ಬಿತ್ತು.

ನಿನ್ನ ಮಾತು ನಡೆಯಿತು. ಈ ಮನೆಯಲ್ಲಿ ನಿನಗೆ ಎಲೆ ಉಂಟು. ನಿನ್ನ ಗಂಡನನ್ನೂ ಮಕ್ಕಳನ್ನೂ ಕರೆದುಕೊಂಡು ಬಾ. ಮಂಗಳಾದೇವಿ ನಿನ್ನ ಕುಂಕುಮವನ್ನೂ ಮಕ್ಕಳ ವಿದ್ಯೆಯನ್ನೂ ಕಾಯಲಿ. ಮೊಣಕಾಲು ನೋವಿಗೆ ತಣ್ಣೀರಿನಲ್ಲಿ ಸ್ನಾನ ಬಿಡು.

ನಿನ್ನ ಹಿತವನ್ನೇ ಬಯಸುವ
ಅಕ್ಕ ಗುಲಾಬಿ

ಮತ್ತೆ: ಹೆಸರು ಹಾಕಿದ ಮೇಲೆ ಬರೆಯುವುದನ್ನು ಬರೆಯದಿದ್ದರೂ ಆಗುತ್ತದೆಯೇ ಎಂದು ಎರಡು ದಿನ ಯೋಚಿಸಿದೆ. ಆಗುವುದಿಲ್ಲ. ನಿಶ್ಚಿತಾರ್ಥದ ದಿನ ನೀನು ಬೊಂಬಾಯಿಯಲ್ಲಿದ್ದೆ, ನಾನು ಹೇಳಿದ್ದನ್ನು ನಂಬಿದೆ. ಜಯಪಾಲ ಕುಡಿದಿರಲಿಲ್ಲ. ಗಂಡಿನ ಕಡೆಯವರು ನೀವೆಂತ ಕೆಲಸ ಮಾಡುವುದು ಎಂದು ಕೇಳಿದಾಗ, ಹೆಗಲಿಗೆ ಬಟ್ಟೆ ಹಾಕಿ, ಬಗ್ಗಿ, ಅವರ ಲೋಟಗಳಿಗೆ ಮಜ್ಜಿಗೆ ಬಡಿಸಿ ತೋರಿಸಿದ. ಒಂದು ಹನಿ ಬೀಳಲಿಲ್ಲ. ಅವರು ಸಂತೋಷದಿಂದಲೇ ನಕ್ಕರು. ನನಗೆ ಮಾತ್ರ ಪಡುಮನೆಯ ಗಂಡು ಪರರ ಎಂಜಲು ಲೋಟ ಎತ್ತುವವನಾಗಿ ಕಂಡ. ಎಲ್ಲರಿಗೂ ಬಡಿಸಿ ಕೊನೆಗೆ ಅವನೊಬ್ಬನೇ ಒಳಗೆ ಊಟಕ್ಕೆ ಕೂತ. ಅವನು ಎದ್ದು ಹೋಗಲಿಲ್ಲ, ಸ್ನೇಹಾ. ಎರಡು ತುತ್ತು ಆಗಿತ್ತು. ಎದುರಿನ ಎಲೆಯನ್ನು ಎತ್ತು ಎಂದು ಸಂಕಪ್ಪನಿಗೆ ಕಣ್ಣಿನಲ್ಲಿ ಹೇಳಿದವಳು ನಾನು. ಜಯಪಾಲ ಕೈಯಲ್ಲಿದ್ದ ತುತ್ತನ್ನು ಎಲ್ಲಿಡುವುದೆಂದು ತಿಳಿಯದೆ ನನ್ನನ್ನು ನೋಡಿದ.

ಆ ಅಮಾವಾಸ್ಯೆಯ ಸಂಜೆ ಬಾಗಿಲು ತೆರೆದ ಮೇಲೆ, ಇದನ್ನು ಮನೆಯವರೆಲ್ಲರ ಎದುರು ನಿಂತು ಹೇಳಿದೆ. ಆಮೇಲೆ ಅವನ ಎಲೆಯ ಎದುರು ಕೂತು, ಅವನು ಉಂಡು ಬಿಟ್ಟದ್ದನ್ನು ಉಂಡೆ. ಗ್ಲಾಸಿನಲ್ಲಿದ್ದದ್ದನ್ನೂ ಕುಡಿದೆ. ಹುಳಿಯಾಗಿರಲಿಲ್ಲ. ಸಂಕಪ್ಪ ಎಲೆ ತೆಗೆಯಲು ಬಗ್ಗಿದ, ಬೇಡವೆಂದೆ. ಮುಗಿಯಿತು ಎಂದು ಬಾಯಿಬಿಟ್ಟು ಹೇಳಿ, ನಾನೇ ಎತ್ತಿದೆ.