೨೧೭ನೇ ಬೆಸುಗೆಯ ಫಿಲಂ

ಲಖ್ದರ್ ಮಾವನವರಿಗೆ, ಸೂಫಿಯಾನ್ ಮಾಡುವ ಸಲಾಂ.

ನಿನ್ನೆ ನಿಮ್ಮ ಮನೆಯಲ್ಲಿ, ನೀವು ತೀರಿಕೊಂಡ ನಲವತ್ತನೆಯ ದಿನದ ಊಟ. ಯಮೀನಾ ಅತ್ತೆ ಕುಸ್‌ಕುಸ್ ಬಡಿಸಿದರು. ನಿಮಗೆ ತಿಳಿಯದ ಸಂಗತಿಯೊಂದಿದೆ. ನೀವು ಬದುಕಿದ್ದಾಗ ಹೇಳಬೇಕಿತ್ತು.

ವರ್ಗ್ಲಾ ಊರಿನಾಚೆ ಮರಳುಗಾಡಿನಲ್ಲಿ ಗ್ಯಾಸ್ ಪೈಪು ಹಾಕಿದ ಆ ಎರಡು ವರ್ಷ ನೀವು ಬೆಸೆದಿರಿ, ನಾನು ನಿಮ್ಮ ಬೆಸುಗೆಯ ಒಳಗನ್ನು ಫಿಲಮ್ಮಿನಲ್ಲಿ ತೆಗೆದು ನೋಡಿದೆ. ವಿಕಿರಣದ ಪೆಟ್ಟಿಗೆ ಹಿಡಿದು ನಾನು ಬಂದರೆ ಎಲ್ಲರೂ ದೂರ ಓಡುತ್ತಿದ್ದರು. ನೀವು ಮಾತ್ರ ಅಪಾಯದ ಗಡಿಗೆ ಕಟ್ಟಿದ ಹಗ್ಗದಾಚೆ ನಿಂತು ರೇಗಿಸುತ್ತಿದ್ದಿರಿ: "ಬಂದ್ರಪ್ಪಾ ಡಾಕ್ಟ್ರು. ನನ್ ಕೂಸಿನ ಎಕ್ಸ್‌ರೇ ತೆಗಿ, ಮೂಳೆ ಮುರಿದಿದ್ರೆ ಮುಚ್ಚಿಡ್ಬೇಡ." ಕೆಲಸವಿಲ್ಲದೆ ಅಲೆಯುತ್ತಿದ್ದ ನನ್ನನ್ನು ಈ ಕಸುಬಿಗೆ ಹಚ್ಚಿದವರೂ ನೀವೇ.

ಫೆಬ್ರವರಿಯಲ್ಲಿ ನಿಮ್ಮ ಕೈ ನಡುಗತೊಡಗಿತು. ಎರಡು ಬೆಸುಗೆಗಳನ್ನು ನಾನೇ ತಿರಸ್ಕರಿಸಿದ್ದೆ. ಮೂರನೆಯದೂ ಹೋದರೆ ನಿಮ್ಮ ಪರವಾನಗಿ ಕಿತ್ತುಕೊಳ್ಳುತ್ತಾರೆಂದು ಇಡೀ ಕ್ಯಾಂಪಿಗೆ ಗೊತ್ತಿತ್ತು. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಪುಟ್ಟ ಚಹಾ ಲೋಟವನ್ನು ನೀವು ಎರಡೂ ಕೈಯಲ್ಲಿ ಹಿಡಿಯುತ್ತಿದ್ದುದನ್ನು ಕಂಡು ನಾನು ಮುಖ ತಿರುಗಿಸುತ್ತಿದ್ದೆ.

ಆಮೇಲೆ ನೀವು ಬೆಸೆದ ೨೧೭ನೇ ಬೆಸುಗೆಯ ಫಿಲಮ್ಮನ್ನು ತೊಳೆದು, ಒಣಗಿಸಿ, ದೀಪದ ಪೆಟ್ಟಿಗೆಯ ಮೇಲಿಟ್ಟೆ. ಬೆಸುಗೆಯ ತಳದಲ್ಲಿ ಕೂದಲೆಳೆಯಂಥ ಕಪ್ಪು ಗೆರೆ. ಬಿರುಕು. ಅನುಮಾನವೇ ಇರಲಿಲ್ಲ. ಬಹಳ ಹೊತ್ತು ಕೂತಿದ್ದು, ಕೊನೆಗೆ 'ಸರಿಯಿದೆ' ಎಂದು ಬರೆದು ಸಹಿ ಹಾಕಿದೆ. ನಿಮಗೆ ಹೇಳಿದ್ದರೆ ನೀವೇ ಹೋಗಿ ಅದನ್ನು ಕತ್ತರಿಸಿ ಹಾಕುತ್ತಿದ್ದಿರಿ. ಅದಕ್ಕೇ ಹೇಳಲಿಲ್ಲ. ಪಾಸಾಯಿತೆಂದು ಕೇಳಿ ನೀವು ನನ್ನ ಹಣೆಗೆ ಮುತ್ತಿಟ್ಟಿರಿ.

ಒಡೆದರೂ ಒತ್ತಡದ ಪರೀಕ್ಷೆಯಲ್ಲೇ ಒಡೆಯುತ್ತದೆ, ಆಗ ಹತ್ತಿರ ಯಾರೂ ಇರುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಪರೀಕ್ಷೆಯ ದಿನ ಪೈಪಿಗೆ ಗಾಳಿ ತುಂಬಿದರು. ಒತ್ತಡದ ಮುಳ್ಳು ಸ್ವಲ್ಪ ಇಳಿಯಿತು. ಎಲ್ಲಿ ಸೋರುತ್ತಿದೆ ನೋಡಬೇಕು. ಗಾಳಿ ಇಳಿಸಿ ನೋಡುವಷ್ಟು ತಾಳ್ಮೆ ಮೇಲ್ವಿಚಾರಕನಿಗಿರಲಿಲ್ಲ. ಸೋರುವ ಕಡೆ ಬಳಿದು ಗುಳ್ಳೆ ಏಳುವುದನ್ನು ನೋಡಲೆಂದು ಸೋಪುನೀರಿನ ಬಕೆಟ್ ಎತ್ತಿಕೊಂಡವರು ನೀವು.

"ನಾನು ನನ್ನ ಬೆಸುಗೆ ಹತ್ರಾನೇ ನಿಂತು ನೋಡ್ತೀನಿ. ಅದು ಒಡೆಯಲ್ಲ. ಸೂಫಿಯಾನ್ ಅದರ ಒಳಗೆಲ್ಲಾ ನೋಡಿದ್ದಾನೆ."

ನಾನು ನಿಮ್ಮನ್ನು ತಡೆಯಲಿಲ್ಲ, ಮಾವ. ನೀವು ಮರಳಿನಲ್ಲಿ ನಡೆದು ಹೋಗಲು ಮೂರು ನಿಮಿಷವಾದರೂ ಬೇಕಾಯಿತು. ಅಷ್ಟೂ ಹೊತ್ತು ನನಗೆ ಸಮಯವಿತ್ತು. ನೀವು ಪಕ್ಕದಲ್ಲಿ ನಿಂತಿದ್ದಾಗಲೇ ಬೆಸುಗೆ ಒಡೆಯಿತು.

ವಿಚಾರಣೆಯಲ್ಲಿ ನಿಮ್ಮ ಕೈನಡುಕವೇ ಕಾರಣವೆಂದು ಬರೆದರು. ಫಿಲಂ ಕಳೆದುಹೋಗಿದೆಯಂತೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿನ್ನೆ ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ. ಬಂದವರು ಹೋದ ಮೇಲೆ ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಅವರ ಕೈ ಕೆಟ್ಟಿತ್ತು ಅಂತಾರೆ ಎಲ್ರೂ. ನೀನು ಒಳಗೆ ನೋಡಿದವನು. ಹೇಳು ಮಗಾ, ಅವರ ಕೆಲಸ ಸರಿಯಿತ್ತಾ?"

"ಸರಿಯಿತ್ತು ಅತ್ತೆ," ಎಂದೆ.

ನೀವು ಹೋದಂದಿನಿಂದ ಅಳದಿದ್ದ ಅವರು ಆಗ ಅತ್ತರು. ಕಣ್ಣೊರೆಸಿಕೊಂಡು ಎದ್ದು, ಒಳಗಿದ್ದ ಹೆಂಗಸರಿಗೆ ಹೇಳಲು ಹೋದರು. ಇವತ್ತು ಬೇಕರಿಯಲ್ಲೂ ಅದೇ ಮಾತು. ನಿಮ್ಮ ಕೆಲಸ ಸರಿಯಿತ್ತೆಂದು ಜನ ನನ್ನ ಹೆಸರು ಹೇಳಿಯೇ ಹೇಳುತ್ತಾರೆ. ಇನ್ನು ನಿಜ ಹೇಳಿದರೆ ಅತ್ತೆಗೆ ಉಳಿದಿರುವ ಆ ಒಂದು ಸಮಾಧಾನವನ್ನೂ ಕಿತ್ತುಕೊಂಡಂತಾಗುತ್ತದೆ.

ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದೆ. ದೇವರು ನಿಮಗೆ ನೆರಳು ಕೊಡಲಿ, ತಣ್ಣನೆಯ ನೀರು ಕೊಡಲಿ. ನನಗಾಗಿ ಅಲ್ಲಿ ಏನನ್ನೂ ಬೇಡಬೇಡಿ.

ನೀವು ನಂಬಿದ್ದ,
ಸೂಫಿಯಾನ್