ಕೇಳಿಸಿದ ವಿಸಿಲ್

೨೦ ಜನವರಿ ೨೦೨೫, ಸೋಮವಾರ

ಮನೆಗೆ ಬಂದರೂ ಆ ವಿಸಿಲ್ ತಲೆಯಿಂದ ಹೋಗುತ್ತಿಲ್ಲ. ನ್ಯುಮೋನಿಯಾ ಆಗಿ, ಎದೆಯಲ್ಲಿ ನೀರು ತುಂಬಿ ಮೂರು ತಿಂಗಳು ಮಲಗಿದ್ದವಳು ಇವತ್ತೇ ಮತ್ತೆ ಕಂಡಕ್ಟರ್ ಕೆಲಸಕ್ಕೆ ಹೋದೆ. ಮುಳಬಾಗಿಲು–ಬೈರಕೂರು, ಅದೇ ಹಳೇ ರೂಟು. ಟಿಕೆಟ್ ಕೊಡುವುದು ಕಷ್ಟವಾಗಲಿಲ್ಲ. ಮೊದಲ ಸ್ಟಾಪಿನಲ್ಲಿ ಬಸ್ಸು ಹೊರಡಿಸಲು ವಿಸಿಲ್ ಊದಿದರೆ ಬರೀ ಗಾಳಿ ಬಂತು, ಹಿಂದೆಯೇ ಕೆಮ್ಮು. ಸೊಪ್ಪಿನ ಗಂಟು ಮಡಿಲಲ್ಲಿಟ್ಟುಕೊಂಡಿದ್ದ ಅಜ್ಜಿಯೊಬ್ಬಳು ನನ್ನ ಬೆನ್ನು ನೀವುತ್ತಾ, "ರೈಟ್, ಪೋನೀ ನಾಯನಾ, ಬಸ್ಸು ಹೋಗ್ಲಪ್ಪ" ಎಂದು ತೆಲುಗು ಬೆರೆಸಿ ಡ್ರೈವರಿಗೆ ಕೂಗಿದಳು. ಎಲ್ಲರೂ ನಕ್ಕರು. ನನಗೆ ಅಳು ಬಂತು. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೇಳಿ ಅರ್ಜಿ ಕೊಟ್ಟುಬಿಡೋಣ ಎಂದು ಆಗಲೇ ಅಂದುಕೊಂಡೆ.

ಆಮೇಲೆ ಪ್ರತಿ ಸ್ಟಾಪಿನಲ್ಲೂ ನಾನು ವಿಸಿಲ್ ತುಟಿಗಿಟ್ಟ ಕೂಡಲೇ, ಊದುವ ಮೊದಲೇ, ಬಸ್ಸು ಹೊರಡುತ್ತಿತ್ತು. ಸಂಜೆ ಡ್ರೈವರ್ ಚನ್ನರಾಯಪ್ಪಣ್ಣನನ್ನು ಕೇಳಿದೆ.

"ಅಣ್ಣ, ನನ್ನ ವಿಸಿಲ್ ನಿಮ್ಗೆ ಕೇಳಿಸ್ತಾ?"

"ಚೆನ್ನಾಗೇ ಕೇಳಿಸ್ತಲ್ಲಮ್ಮ. ನಾಳೆ ಆರೂವರೆಗೆ ಬಂದ್ಬಿಡು," ಎಂದರು, ನನ್ನ ಕಡೆ ನೋಡದೆ.

ಬ್ಯಾಗ್ ತೆಗೆದುಕೊಳ್ಳಲು ಮುಂದೆ ಹೋದಾಗ ಕಂಡಿತು. ಎಂಟು ವರ್ಷದಿಂದ ಅವರ ಮೀಸೆಯನ್ನೇ ತೋರಿಸುತ್ತಿದ್ದ ಒಳಗಿನ ಕನ್ನಡಿ, ನಾನು ನಿಲ್ಲುವ ಬಾಗಿಲ ಕಡೆಗೆ ತಿರುಗಿತ್ತು.

ಅರ್ಜಿ ಬರೆಯಲೆಂದೇ ಈಗ ಪೆನ್ನು ತೆಗೆದಿದ್ದೆ. ಕಣ್ಣು ಎಳೆಯುತ್ತಿದೆ. ಆರೂವರೆಗೆ ಅಲ್ಲಿರಬೇಕೆಂದರೆ ಐದಕ್ಕೇ ಎದ್ದು…