ಹೆಸರಿಲ್ಲದ ಸೀಸೆ

ಐಶೂ,

ನೀನು ಔಷಧ ಅಂಗಡಿಗೆ ಕೆಲಸಕ್ಕೆ ಸೇರಿದ ವರ್ಷ, ನಿನ್ನನ್ನು ಕೇಳದೆ ಯಾವ ಔಷಧವನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

ನಸುಕಿನ ಬಸ್ಸಿಗೆ ಕಮಲಾಪುರಕ್ಕೆ ಹೋಗುತ್ತೇನೆ. ರೊಟ್ಟಿ ಬುಟ್ಟಿಯಲ್ಲಿವೆ. ನಾನು ಇವತ್ತು ಕೆಲಸಕ್ಕೆ ಬರುವುದಿಲ್ಲವೆಂದು ಗಂಜ್ ಮಾರುಕಟ್ಟೆಯ ಬೇಳೆ ಮಿಲ್ಲಿಗೆ ಫೋನ್ ಮಾಡು.

ಸಕ್ಕರೆ ಕಾಯಿಲೆ ನನ್ನ ಪಾದದ ನರ ತಿಂದಿದೆ. ಮೊನ್ನೆ ಬಚ್ಚಲ ನೀರು ಕಾದಿದೆಯೋ ಎಂದು ಕಾಲಿಟ್ಟು ನೋಡಿದೆ. ಬೊಬ್ಬೆ ಎದ್ದ ಮೇಲೆ ಗೊತ್ತಾಯಿತು. ಬಿಸಿ ತಿಳಿಯದ ಅದೇ ಪಾದ ರಾತ್ರಿಯಾದರೆ ಒಳಗಿಂದ ಉರಿಯುತ್ತದೆ. ನೀನು ತಂದುಕೊಡುವ ಗುಳಿಗೆಗೆ ನಿದ್ದೆ ಬರುತ್ತದೆ, ಉರಿ ಹೋಗುವುದಿಲ್ಲ.

ಕಮಲಾಪುರದಲ್ಲಿ ಒಬ್ಬ ನರಕ್ಕೆ ಹೊಸ ಸೂಜಿ ಹಾಕುತ್ತಾನೆ. ಸೀಸೆಯ ಮೇಲೆ ಹೆಸರಿಲ್ಲ. ಕೇಳಿದರೆ, 'ಸರ್ಕಾರ ಇನ್ನಾ ಒಪ್ಪಿಲ್ಲರೀ ಅಕ್ಕಾರ, ಒಪ್ಪಿದ ಮ್ಯಾಲ ನಿಮ್ಮಂಥೋರಿಗೆ ಸಿಗಂಗಿಲ್ಲ' ಎಂದ.

ಮಿಲ್ಲಿನ ಜಯದೇವಿ ಹೋದ ವಾರ ಹಾಕಿಸಿಕೊಂಡಳು. ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ.

ನನಗೆ ಇದು ಎರಡನೆಯ ಸೂಜಿ. ಮೊದಲನೆಯದನ್ನೂ ನಿನ್ನನ್ನು ಕೇಳದೆ ಹಾಕಿಸಿಕೊಂಡೆ.

ಅವ್ವ